ಅಡ್ಮಿನ್ ಮಾತ್ರ ಮಾತಾಡಬಹುದು

ದಾವಣಗೆರೆಯ ಕಚೇರಿಗಳಲ್ಲಿ ಈಗ ಜಗಳವಿಲ್ಲ. ಆಡಲಿಕ್ಕೆ ಬಾಯಿ ಬೇಕಲ್ಲ! ಸಾಹೇಬರು ವಾಟ್ಸ್‌ಆ್ಯಪ್ ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ ‘ಅಡ್ಮಿನ್‌ಗಳು ಮಾತ್ರ’ ಎಂಬುದನ್ನು ಒತ್ತಿಬಿಟ್ಟಿದ್ದಾರೆ. 2018ರಲ್ಲಿ ಬಂದ ಈ ಸೌಲಭ್ಯ ಕಚೇರಿ ಶಾಂತಿಗೆ ಮಾಡಿದಷ್ಟು ಉಪಕಾರವನ್ನು ಯಾವ ಆಡಳಿತ ಸುಧಾರಣಾ ಆಯೋಗವೂ ಮಾಡಿಲ್ಲ. ಗುಂಪಿನ ಹೆಸರು ‘ಸ್ನೇಹಸೇತು’. ಸೇತುವೆಯ ಮೇಲೆ ಒನ್‌ವೇ.

ಬೆಳಗ್ಗೆ ಆರಕ್ಕೆ ಗುಲಾಬಿ ಹೂವಿನ ಜೊತೆ ಸುಭಾಷಿತ ಬರುತ್ತದೆ. ರಾತ್ರಿ 10.40ಕ್ಕೆ ಆದೇಶ: ‘ತುರ್ತು. ಮಾಹಿತಿ ಇಂದೇ ಕಳಿಸಿ. ತಪ್ಪಿದಲ್ಲಿ ನೀವೇ ಜವಾಬ್ದಾರರು.’ ಯಾರು ಕಳಿಸಬೇಕು, ಯಾವ ಮಾಹಿತಿ, ಯಾವ ನಮೂನೆ, ಎಷ್ಟು ಗಂಟೆಯೊಳಗೆ? ನಾಲ್ಕೂ ಇಲ್ಲ. ಜವಾಬ್ದಾರಿ ಮಾತ್ರ ಸ್ಪಷ್ಟವಾಗಿದೆ. ಗುಂಪಿನ ಮೂವತ್ತು ಜನರಲ್ಲಿ ಇಪ್ಪತ್ತೆಂಟು ಮಂದಿ ‘ಬೇರೆ ಯಾರೋ ಕಳಿಸ್ತಾರೆ ಬಿಡ್ರಿ’ ಎಂದು ಮಲಗುತ್ತಾರೆ. ಇಬ್ಬರು ಕಳಿಸುತ್ತಾರೆ, ಒಬ್ಬರದು ಮಾರ್ಚ್ ಅಂತ್ಯದ ಅಂಕಿ, ಇನ್ನೊಬ್ಬರದು ನಿನ್ನೆಯದು. ಬೆಳಗ್ಗೆ ಎರಡೂ ತಾಳೆಯಾಗುವುದಿಲ್ಲ. ಕಾರಣ ಕೇಳಿ ನೋಟಿಸು ಆ ಇಬ್ಬರಿಗೇ ಹೋಗುತ್ತದೆ. ಉಳಿದ ಇಪ್ಪತ್ತೆಂಟು ಜನರ ಅಂಕಿಯಲ್ಲಿ ಒಂದೇ ಒಂದು ತಪ್ಪು ಸಿಕ್ಕಿಲ್ಲವಲ್ಲ!

ಆದೇಶ ತಲುಪಿತೇ ಎಂಬುದಕ್ಕೆ ನೀಲಿ ಗೆರೆ ಪುರಾವೆ, ಅರ್ಥವಾಯಿತೇ ಎಂಬುದಕ್ಕೆ ಹೆಬ್ಬೆರಳು. ವಿಮಾನ ನಡೆಸುವವರು ಪಾಪ ಹಿಂದುಳಿದಿದ್ದಾರೆ. ನಿಯಂತ್ರಣ ಗೋಪುರದ ಸೂಚನೆಯನ್ನು ಬಾಯಿಬಿಟ್ಟು ತಿರುಗಿ ಒಪ್ಪಿಸುತ್ತಾರೆ. 1977ರಲ್ಲಿ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ಸೂಚನೆಯನ್ನು ತಪ್ಪಾಗಿ ತಿಳಿದದ್ದೂ ಸೇರಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ ಅವರು ಪದಪದಕ್ಕೂ ಕಟ್ಟುನಿಟ್ಟು ತಂದುಕೊಂಡರು. ನಮ್ಮ ಪಿ.ಬಿ. ರಸ್ತೆಯ ಕಚೇರಿಯಲ್ಲಿ ‘ಸಾರ್, ಶುಕ್ರವಾರ ನಾಲ್ಕರೊಳಗೆ ಆರು ತಾಲ್ಲೂಕಿನ ಪಟ್ಟಿ, ನಮೂನೆ ಎರಡರಲ್ಲಿ, ಅಲ್ವೇನ್ರಿ?’ ಎಂದು ಯಾರಾದರೂ ತಿರುಗಿ ಕೇಳಿದರೆ ಅದಕ್ಕೆ ಎದುರುತ್ತರ ಎನ್ನುತ್ತಾರೆ.

ಸೋಮವಾರ ಪ್ರಗತಿ ಪರಿಶೀಲನಾ ಸಭೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ನ್ಯಾಮತಿಯಿಂದೆಲ್ಲ ಬಸ್ಸು ಹತ್ತಿ ಮೂವತ್ತು ಜನ ಬರುತ್ತಾರೆ. ಸಭೆ ಮೂರು ಗಂಟೆ. ಒಬ್ಬೊಬ್ಬರ ಪಾಳಿ ಆರು ನಿಮಿಷ. ಉಳಿದ 174 ನಿಮಿಷ ಇನ್ನೊಬ್ಬರು ಬೈಸಿಕೊಳ್ಳುವುದನ್ನು ನೋಡುವ ಕೆಲಸ. ಒಟ್ಟು ತೊಂಬತ್ತು ಗಂಟೆ, ಅಂದರೆ ಸುಮಾರು ಹದಿಮೂರು ಜನರ ಒಂದು ದಿನದ ದುಡಿಮೆ. ಅಂಕಿಗಳನ್ನು ಹಿಂದಿನ ದಿನವೇ ತರಿಸಿಕೊಂಡು, ಹಿಂದೆ ಬಿದ್ದ ನಾಲ್ವರನ್ನಷ್ಟೇ ಕೋಣೆಗೆ ಕರೆದು ಕೇಳಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನಾಲ್ಕೇ ಜನರೆದುರು ಗುಡುಗುವುದು ಗುಡುಗೇ? ಎಲ್ಲರೆದುರು ಕಾಯಿಸಿದರೆ ಮಂಡಕ್ಕಿ ಭಟ್ಟಿಯ ಮರಳಿಗೆ ಬಿದ್ದ ಅಕ್ಕಿಯಂತೆ ನೌಕರ ಅರಳುತ್ತಾನೆ ಎಂದು ಸಾಹೇಬರ ನಂಬಿಕೆ. ಚೂರು ಹೆಚ್ಚು ಹೊತ್ತು ಬಿಟ್ಟರೆ ಕರಕಾಗುತ್ತದೆ ಎಂಬುದು ಭಟ್ಟಿಯವರಿಗೆ ಗೊತ್ತು. ಅವರನ್ನು ಸಭೆಗೆ ಕರೆದಿಲ್ಲ. ಬೈಸಿಕೊಂಡವರು ಸಂಜೆ ಊರಿಗೆ ಹೋಗಿ, ಸಿಕ್ಕಿದ್ದಕ್ಕೆ ಒಂದಿಷ್ಟು ಸೇರಿಸಿ ಕೆಳಗಿನವರಿಗೆ ಹಂಚುತ್ತಾರೆ. ಸಭೆಯ ನಡವಳಿಯಲ್ಲಿ ‘ಸೂಕ್ತ ಮಾರ್ಗದರ್ಶನ ನೀಡಲಾಯಿತು’ ಎಂದಿರುತ್ತದೆ.

ಇಷ್ಟಾದರೂ ಟಪ್ಪಾಲಿನ ಮೇಡಂಗೂ ಪಕ್ಕದ ಶಾಖೆಯ ಎಫ್‌ಡಿಎಗೂ ಮಾತು ನಿಂತಿದೆ. ಸಾಹೇಬರು ರಾಜಿಗೆ ಇಳಿಯುತ್ತಾರೆ. ಮೊದಲು ಒಬ್ಬರನ್ನು ಕರೆದು ಚಹಾ ಕೊಡಿಸಿ ಕೇಳುವುದು. ಆಮೇಲೆ ಇನ್ನೊಬ್ಬರನ್ನು ಕರೆದು, ಚಹಾ ಇಲ್ಲದೆ, ‘ಅವ್ರು ನಿಮ್ ಬಗ್ಗೆ ಹಿಂಗಂದ್ರಲ್ರಿ’ ಎನ್ನುವುದು. ಕೊನೆಗೆ ಇಬ್ಬರನ್ನೂ ಸಿಬ್ಬಂದಿಯ ಮುಂದೆ ನಿಲ್ಲಿಸಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಸಾರುವುದು. ಕುಟುಂಬ ಎಂದ ಮೇಲೆ ಪಾಲು ಶುರುವಾಗಲೇಬೇಕು: ಪ್ರಿಂಟರ್ ಯಾರ ಮೇಜಿಗೆ, ಫ್ಯಾನು ಯಾರ ಕಡೆಗೆ.

ಕಾರ್ಯ ಹಂಚಿಕೆ ಆದೇಶವನ್ನು ಒಮ್ಮೆ ಬಿಡಿಸಿ ನೋಡಿದ್ದರೆ ಸಾಕಿತ್ತು. ಅರ್ಜಿ ಸ್ವೀಕರಿಸುವವರ ಹೆಸರಿದೆ, ಟಿಪ್ಪಣಿ ಬರೆಯುವವರ ಹೆಸರಿದೆ. ನಡುವೆ ಅದನ್ನು ಕಂಪ್ಯೂಟರಿಗೆ ಏರಿಸುವವರ ಹೆಸರೇ ಇಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಹದಿನೈದು ನಿಮಿಷ ಕೂರಿಸಿ, ಅವವೇ ಪ್ರಶ್ನೆ ಕೇಳಿ – ಯಾವ ದಿನ, ಯಾವ ಕಡತ, ಕೆಲಸ ಎಲ್ಲಿ ನಿಂತಿತು – ಆ ಖಾಲಿ ಸಾಲಿಗೆ ಒಂದು ಹೆಸರು ತುಂಬಿ, ಹದಿನೈದು ದಿನ ಬಿಟ್ಟು ಮತ್ತೆ ನೋಡಿದರೆ ಹೆಚ್ಚಿನ ಜಗಳ ಅಲ್ಲೇ ಮುಗಿಯುತ್ತದೆ. ಹಾಗೆ ಮಾಡಿದರೆ ಸಾಲು ಖಾಲಿ ಬಿಟ್ಟು ಸಹಿ ಹಾಕಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ‘ಇಬ್ಬರ ಸ್ವಭಾವ ಸರಿಯಿಲ್ಲ’ ಎಂದು ಬರೆಯುವುದೇ ಕ್ಷೇಮ.

ದೂರು ಪೆಟ್ಟಿಗೆಯೂ ಇದೆ. ಸಾಹೇಬರ ಕೋಣೆಯ ಬಾಗಿಲಲ್ಲಿ, ಸಿಸಿ ಕ್ಯಾಮೆರಾದ ನೇರ ಕೆಳಗೆ. ಬೀಗದ ಕೈ ಸಾಹೇಬರ ಬಳಿ. ವರ್ಷದಿಂದ ದೂರು ಸೊನ್ನೆ ಎಂದು ಹೆಮ್ಮೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಗಳ ಒಳ್ಳೆಯ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿಯವರು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದು ಆಕೆ ಕೊಟ್ಟ ವಿವರಣೆ. ಅಮೆರಿಕದವರಿಗೆ ಸೊನ್ನೆಯ ಬೆಲೆ ಗೊತ್ತಿಲ್ಲ, ಏನು ಮಾಡುವುದು.

ಇಷ್ಟರ ಮೇಲೆ ‘ಪರಿಣಾಮಕಾರಿ ಸಂವಹನ’ ಕಾರ್ಯಾಗಾರ. ದೀಪ ಹಚ್ಚುವವರು ಚಿತ್ರದುರ್ಗದಿಂದ ಬರುವುದು ತಡವಾಗಿ 11.30. ಸಂಪನ್ಮೂಲ ವ್ಯಕ್ತಿ ‘ಕೇಳಿಸಿಕೊಳ್ಳುವ ಕಲೆ’ಯ ಬಗ್ಗೆ ಮೈಕ್ ಬಿಡದೆ ಎರಡೂವರೆ ಗಂಟೆ ಮಾತಾಡುತ್ತಾರೆ. ಪ್ರಶ್ನೋತ್ತರಕ್ಕೆಂದು ಇಟ್ಟ ಹತ್ತು ನಿಮಿಷ ವಂದನಾರ್ಪಣೆಗೆ ಹೋಗುತ್ತದೆ. ಅಭಿಪ್ರಾಯ ಪತ್ರದಲ್ಲಿ ‘ಮುಕ್ತವಾಗಿ ಬರೆಯಿರಿ’ ಎಂದಿದೆ. ಕೆಳಗೆ ಹೆಸರು, ಹುದ್ದೆ, ಸಹಿ, ‘ಮೇಲಧಿಕಾರಿಗಳ ಮೂಲಕ’.

ಆ ದಿನ ಯಾರಾದರೂ ಯಾರೊಂದಿಗಾದರೂ ಮಾತಾಡಿದ್ದಿದ್ದರೆ ಅದು ಬೆಣ್ಣೆ ದೋಸೆಯ ವಿರಾಮದಲ್ಲಿ. ಕುರ್ಚಿ ಸಾಲದೆ ಟಪ್ಪಾಲಿನ ಮೇಡಂ, ಎಫ್‌ಡಿಎ ಒಂದೇ ಮೇಜಿಗೆ ಬಂದರು. ‘ಬೆಳಗ್ಗೆದ್ದು ನಾನು ಏರಿಸ್ತೀನ್ರಿ, ಮಧ್ಯಾಹ್ನದ್ದು ನೀವು ನೋಡ್ಕಳ್ರಿ’ ಎಂಬಲ್ಲಿಗೆ ಎರಡನೇ ದೋಸೆಯ ಹೊತ್ತಿಗೆ ಒಪ್ಪಂದವಾಯಿತು. ವರದಿಯಲ್ಲಿ ಇದಿಲ್ಲ. ಲೆಕ್ಕ ತಪಾಸಣೆಯವರು ದೀಪ, ಹಾರ, ಶಾಲು, ಬ್ಯಾನರ್ ಎಲ್ಲವನ್ನೂ ಒಪ್ಪಿ, ದೋಸೆ ಬಿಲ್ಲಿಗೆ ಮಾತ್ರ ಆಕ್ಷೇಪಣೆ ಹಾಕಿದ್ದಾರೆ: ‘ಸಂವಹನಕ್ಕೂ ಈ ವೆಚ್ಚಕ್ಕೂ ಸಂಬಂಧ ಕಂಡುಬರುವುದಿಲ್ಲ. ವಸೂಲಿ ಮಾಡತಕ್ಕದ್ದು.’