ಹಳೇ ಪಂಪ್ ಎಲ್ಲಿ ಸ್ವಾಮಿ?

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬಳ್ಳಾರಿಯಲ್ಲಿ ಮನೆ, ತೋರಣಗಲ್ಲಿನಲ್ಲಿ ಡ್ಯೂಟಿ. ಹತ್ತು ವರ್ಷದ ಪೆಟ್ರೋಲ್ ಕಾರು. ಆದರೆ ಈ ಬೇಸಿಗೆ ಮುಗಿಯುವಷ್ಟರಲ್ಲಿ ಇಗ್ನಿಷನ್ ಕಾಯಿಲ್‌ಗೆ ಎಷ್ಟು, ಫ್ಯೂಯೆಲ್ ಪಂಪ್‌ಗೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಎಲ್ಲವನ್ನೂ ಕೊಂಡಿದ್ದೇನಲ್ಲ! ಅದರಲ್ಲಿ ಒಂದೂ ಬೇಕಾಗಿರಲಿಲ್ಲ.

ಏಪ್ರಿಲ್ ತಿಂಗಳು, ಸೆಕೆಂಡ್ ಶಿಫ್ಟು. ಮಧ್ಯಾಹ್ನ ಒಂದಕ್ಕೆ ಮನೆ ಬಿಟ್ಟಿದ್ದೆ. ಬಳ್ಳಾರಿ ಬಿಸಿಲು ಗೊತ್ತಲ್ಲ, ಬಾಗಿಲ ಹಿಡಿಕೆ ಮುಟ್ಟಿದರೆ ಬೊಬ್ಬೆ. ಕುಡುತಿನಿ ಹತ್ತಿರ, ಥರ್ಮಲ್ ಪ್ಲಾಂಟಿನ ಚಿಮಣಿ ಕಾಣುವ ಜಾಗದಲ್ಲಿ, 70ರ ಸ್ಪೀಡಿನಲ್ಲಿ ಗಾಡಿ ಆಫ್ ಆಯಿತು. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ. ಸುಮ್ನೆ ಸತ್ತುಹೋಯಿತು. ಇಂಜಿನ್ ಸದ್ದು ಹೋಗಿ ಟೈರಿನ ಸದ್ದು ಮಾತ್ರ ಉಳಿಯಿತು. ಡ್ಯಾಶ್‌ಬೋರ್ಡ್ ತುಂಬ ಕೆಂಪು ದೀಪ. ಸ್ಟೀರಿಂಗ್ ಕಲ್ಲಾಯಿತು.

ಬ್ರೇಕ್ ವಿಷಯ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಇಂಜಿನ್ ನಿಂತ ಮೇಲೆ, ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್‌ನಲ್ಲಿ ಒಂದೆರಡು ಸಲ ತುಳಿಯುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಪಕ್ಕಕ್ಕೆ ತರಬೇಕು. ನಾನು ಗಾಬರಿಗೆ ನಾಲ್ಕು ಸಲ ಪಟಪಟ ತುಳಿದೆ. ಆಮೇಲೆ ಪೆಡಲ್ ಅಲ್ಲ, ಗೋಡೆ. ಹಿಂದೆ ಅದಿರು ಲಾರಿ. ಅವನ ಹಾರನ್ ಇವತ್ತಿಗೂ ಕಿವಿಯಲ್ಲಿದೆ. ಪುಣ್ಯಾತ್ಮ ಬಲಕ್ಕೆ ಎಳೆದು ದಾಟಿಕೊಂಡ, ನನ್ನ ಗ್ಲಾಸಿಗೆ ಕೆಂಪು ಧೂಳು ಬಳಿದು ಹೋದ. ರಸ್ತೆ ಪಕ್ಕ ನಿಂತು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುತ್ತಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿದೆ. ಏನೂ ಆಗೇ ಇಲ್ಲ ಎನ್ನುವಂತೆ ಸ್ಟಾರ್ಟ್ ಆಯಿತು!

ಮರುದಿನವೇ ಸರ್ವೀಸ್ ಸೆಂಟರ್. ಹೆಸರು ಬೇಡ. ಎಸಿ ಹಾಲ್, ಗಾಜಿನ ಬಾಗಿಲು, ಟೈ ಕಟ್ಟಿದ ಹುಡುಗ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದರು. "ಕೋಡ್ ಏನೂ ಇಲ್ಲ ಸರ್, ಗಾಡಿ ಪರ್ಫೆಕ್ಟ್." ನಿನ್ನೆ ಸಾಯೋದು ತಪ್ಪಿದೆ ಮಾರಾಯಾ ಎಂದರೆ, "ನಮ್ಮ ಮುಂದೆ ಆಫ್ ಆಗ್ಬೇಕಲ್ವಾ ಸರ್" ಎಂದ. ಹೌದಪ್ಪಾ, ಅದಕ್ಕೇನು ಅಪಾಯಿಂಟ್‌ಮೆಂಟ್ ಇದೆಯಾ? ಆದರೂ ಸುಮ್ನೆ ಕಳಿಸಬಾರದಲ್ಲ, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. 1,450 ರೂಪಾಯಿ. ಟ್ರಯಲ್ ನೋಡಿದ್ದೇವೆ, ಓಕೆ ಎಂದರು. ಮನೆಗೆ ಬಂದು ಜಾಬ್ ಕಾರ್ಡ್ ನೋಡಿದರೆ ಗಾಡಿ ಒಳಗೆ ಹೋಗುವಾಗ 61,204 ಕಿಲೋಮೀಟರ್, ಹೊರಗೆ ಬರುವಾಗ 61,207. ಮೂರು ಕಿಲೋಮೀಟರ್ ಟ್ರಯಲ್! ನನ್ನ ಗಾಡಿ ನಿಲ್ಲುವುದು ಬಿಸಿಲಲ್ಲಿ ಅರ್ಧ ಗಂಟೆ ಓಡಿದ ಮೇಲೆ. ಇವರು ಮೋತಿ ಸರ್ಕಲ್ಲಿಗೆ ಹೋಗಿ ಚಾ ಕುಡಿದು ಬಂದಿದ್ದಾರೆ, ಅಷ್ಟೇ.

ಅದೇ ವಾರ ಮತ್ತೆ ಕುಡುತಿನಿ, ಮತ್ತೆ ಆಫ್. ನಾನು ಬೇವಿನ ಮರದ ಕೆಳಗೆ ನಿಂತಿದ್ದಾಗ ಒಂದು ಫೋನ್ ಬಂತು. "ಸರ್, ನಮ್ಮ ಸರ್ವೀಸ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಆ ಹುಡುಗಿಯ ತಪ್ಪೇನಿದೆ, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಎರಡನೇ ಸಲ ಪ್ಲಗ್ ಮತ್ತು ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಎಂದರು. 6,200. ಮೂರನೇ ಸಲ "ಎಲ್ಲಾ ಈ ಎಥೆನಾಲ್ ಪೆಟ್ರೋಲಿಂದ ಸರ್, ಪಂಪ್ ವೀಕ್ ಆಗಿರುತ್ತೆ" ಎಂದರು. ಈಗ ಇದೊಂದು ಸಿಕ್ಕಿಬಿಟ್ಟಿದೆ. ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇರುವುದು ನಿಜ. ಹಳೇ ಗಾಡಿಯ ರಬ್ಬರಿಗೆ ಅದರಿಂದ ತೊಂದರೆ ಆಗಬಹುದು, ಅದೂ ಸರಿ. ಆದರೆ ಪಂಪ್ ವೀಕ್ ಆಗಿದೆಯಾ ಎಂದು ನೋಡಲು ಪ್ರೆಷರ್ ಗೇಜ್ ಎಂಬುದೊಂದು ಇದೆ ಅಲ್ವಾ? ಅದನ್ನು ಪೈಪಿಗೆ ಹಚ್ಚಿ, ಗಾಡಿ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಹಚ್ಚಿದಿರಾ ಎಂದು ಕೇಳಿದೆ. "ನಮ್ಮ ಎಕ್ಸ್‌ಪೀರಿಯೆನ್ಸ್ ಸರ್." ಅವರ ಎಕ್ಸ್‌ಪೀರಿಯೆನ್ಸ್‌ಗೆ ನಾನು ತೆತ್ತದ್ದು 8,900 ರೂಪಾಯಿ.

ನನಗೆ ಹೊಟ್ಟೆ ಉರಿಯುವುದು ದುಡ್ಡಿಗಿಂತ ಜಾಸ್ತಿ ಇನ್ನೊಂದಕ್ಕೆ. ಪಂಪ್ ಹಾಕಿದ ಮೇಲಿನ ಭಾನುವಾರ ಹೊಸಪೇಟೆಗೆ ಹೊರಟಿದ್ದೆವು, ಮನೆಯವಳು ಪಕ್ಕದ ಸೀಟಿನಲ್ಲಿ. ತೋರಣಗಲ್ಲು ದಾಟಿದ ಮೇಲೆ ಗಾಡಿ ಮತ್ತೆ ನಿಂತಿತು. ನಾನು ಸ್ಟೀರಿಂಗ್ ಜೊತೆ ಕುಸ್ತಿ ಆಡುತ್ತಿದ್ದೆ. ಅವಳು ತಣ್ಣಗೆ ಹೇಳಿದಳು, "ಗಾಡಿ ಇನ್ನೂ ಓಡ್ತಾ ಇದ್ದಾಗ್ಲೇ ಆ ಆರ್‌ಪಿಎಂ ಮುಳ್ಳು ಧಪ್ ಅಂತ ಸೊನ್ನೆಗೆ ಬಿತ್ತು ನೋಡ್ರಿ." ಆ ಮುಳ್ಳು ತೋರಿಸುವುದು ಇಂಜಿನ್ ತಿರುಗುವ ವೇಗ. ಅವಳ ಮಾತನ್ನು ನಾಲ್ಕನೇ ಸಲ ಸರ್ವೀಸ್ ಸೆಂಟರ್‌ನಲ್ಲಿ ಹಾಗೇ ಒಪ್ಪಿಸಿದೆ. ಟೈ ಹುಡುಗ ಕಂಪ್ಯೂಟರಿನಲ್ಲಿ ಟೈಪ್ ಮಾಡಲೇ ಇಲ್ಲ. ಅಲ್ಲಿ ಇರುವುದು 'ಇಂಜಿನ್ ಆಫ್' ಎಂಬ ಒಂದೇ ಆಯ್ಕೆಯಂತೆ. ಮುಳ್ಳು ಬರೆಯಲು ಜಾಗ ಇಲ್ಲವಂತೆ. ಬದಲಿಗೆ, "ಇನ್ನು ಉಳಿದಿರೋದು ಇಸಿಎಂ, ಇಂಜಿನ್ ಕಂಪ್ಯೂಟರ್ ಸರ್, ಮೂವತ್ತು ಸಾವಿರ ಚಿಲ್ಲರೆ ಆಗುತ್ತೆ" ಎಂದ. ಕೀ ಕಿತ್ತುಕೊಂಡು ಬಂದೆ.

ಡ್ಯೂಟಿ ಗೆಳೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದ. ತಗಡಿನ ಶೆಡ್ಡು, ಇಪ್ಪತ್ತೈದರ ಹುಡುಗ. ಬಾನೆಟ್ ಎತ್ತಲಿಲ್ಲ. "ಅಣ್ಣಾ, ಎಷ್ಟೊತ್ತು ಓಡಿದ ಮೇಲೆ ನಿಲ್ತೈತಿ? ಮುಳ್ಳು ಹೆಂಗ ಬೀಳ್ತೈತಿ?" ಎಂದು ಕೇಳಿದ. ಎರಡೇ ಪ್ರಶ್ನೆ. ನನಗೆ ಅಳು ಬರುವುದೊಂದು ಬಾಕಿ.

ಮುಳ್ಳಿನ ಗುಟ್ಟು ಇಷ್ಟು. ಪೆಟ್ರೋಲ್ ಸಾಲದೆ ನಿಂತರೆ ಗಾಡಿ ಸಾಮಾನ್ಯವಾಗಿ ಕೆಮ್ಮುತ್ತದೆ, ಎಳೆಯುವುದಿಲ್ಲ. ಗಾಡಿ ಗೇರಿನಲ್ಲಿ ಉರುಳುತ್ತಿದ್ದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ, ಮುಳ್ಳು ಸ್ಪೀಡಿನ ಜೊತೆ ಮೆಲ್ಲಗೆ ಇಳಿಯುತ್ತದೆ. ಚಕ್ರ ಓಡುತ್ತಿರುವಾಗಲೇ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಮೊದಲ ಗುಮಾನಿ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವುದೇ ಅದು. ಆ ಸಿಗ್ನಲ್ ಹೋದರೆ ಕರೆಂಟೂ ಇಲ್ಲ, ಪೆಟ್ರೋಲೂ ಇಲ್ಲ. ಕೋಡ್ ಯಾಕೆ ಬಂದಿಲ್ಲ ಎಂದು ಕೇಳಿದೆ. "ಕಂಪ್ಯೂಟರ್ ಇಂಜಿನ್ ಸುಮ್ನ ನಿಂತೈತಿ ಅಂತ ತಿಳ್ಕೊಂಡೈತಣ್ಣ" ಎಂದು ನಕ್ಕ.

ಸೆನ್ಸರ್ ಬಿಚ್ಚಿದ. ಹೆಬ್ಬೆರಳಿನಷ್ಟು ದಪ್ಪ ಇಲ್ಲ, ಎರಡು ವೈರಿನದು. ಮೀಟರ್ ಹಿಡಿದರೆ ಒಳಗಿನ ತಂತಿಯ ರೆಸಿಸ್ಟೆನ್ಸ್ 860 ಓಮ್. ಸರಿಯಾಗೇ ಇದೆಯಲ್ಲ ಎಂದೆ. ಅವನು ಪಕ್ಕದ ಚಾ ಅಂಗಡಿಯಿಂದ ಲೋಟದಲ್ಲಿ ಕುದಿಯುವ ನೀರು ತಂದ. ಚಾ ಅಂಗಡಿಯ ಅಕ್ಕ "ಲೋಟ ತೊಳ್ಕೊಟ್ರ ಸರಿ" ಎಂದು ಅಲ್ಲಿಂದಲೇ ಬೈದಳು. ಸೆನ್ಸರಿನ ಮೂತಿಯನ್ನು ನೀರಿಗೆ ಇಳಿಸಿದ. 860 ಇದ್ದದ್ದು 900 ಆಯಿತು, 950, ಸಾವಿರ. ಬಿಸಿಗೆ ಅಷ್ಟು ಏರುವುದು ಸಹಜವಂತೆ. ನೋಡುತ್ತಿದ್ದ ಹಾಗೇ ನಂಬರ್ ಹಾರಿಹೋಗಿ ಪರದೆಯ ಎಡ ತುದಿಗೆ ಒಂಟಿ '1' ಬಂದು ನಿಂತಿತು, ಅಂದರೆ ಸಂಪರ್ಕ ಕಡಿದಿದೆ. ಒಳಗಿನ ಕೂದಲೆಳೆಯಂಥ ತಾಮ್ರದ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡಿತ್ತು. ಹೊರಗೆ ತೆಗೆದು ಗಾಳಿ ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ 860. ಕುಡುತಿನಿಯ ಬೇವಿನ ಮರದ ಕೆಳಗೆ ನಾನು ಕಾದ ಇಪ್ಪತ್ತು ನಿಮಿಷ ಈ ಲೋಟದಲ್ಲಿತ್ತು.

ಹೊಸ ಸೆನ್ಸರ್, ಕೂಲಿ ಸೇರಿ 1,350 ರೂಪಾಯಿ. ಒಂದೂವರೆ ತಿಂಗಳಾಯಿತು, ಗಾಡಿ ಒಮ್ಮೆಯೂ ನಿಂತಿಲ್ಲ.

ಹಾಗಾದರೆ ನನ್ನ ಹಳೇ ಪಂಪ್‌ಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಕಾಯಿಲ್‌ಗೂ ಏನೂ ಆಗಿರಲಿಲ್ಲ. ಮೂರು ಬಿಲ್ ಕೂಡಿದರೆ 16,550 ರೂಪಾಯಿ. ಬಿಲ್ ಹಿಡಿದುಕೊಂಡು ಮತ್ತೆ ಹೋದೆ. ದುಡ್ಡು ವಾಪಸ್ ಬರಲ್ಲ ಎಂದು ಗೊತ್ತು, ನನ್ನ ಹಳೇ ಸಾಮಾನಾದರೂ ಕೊಡಿ ಎಂದೆ. "ಸ್ಕ್ರಾಪ್‌ಗೆ ಹೋಯ್ತು ಸರ್." ಯಾರನ್ನು ಕೇಳಿ ಹಾಕಿದಿರಿ? ಟೈ ಹುಡುಗ ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ನನಗೊಂದು ಕೋಲ್ಡ್ ಡ್ರಿಂಕ್ ತರಿಸಿದರು. ನಾನು ಮುಟ್ಟಲಿಲ್ಲ. ಜೇಬಿನಿಂದ ಕೆಟ್ಟ ಸೆನ್ಸರ್ ತೆಗೆದು ಟೇಬಲ್ ಮೇಲೆ ಇಟ್ಟೆ.

ಅವರು ಅದನ್ನು ಎತ್ತಿ, ತಿರುಗಿಸಿ ನೋಡಿ, ನಗುತ್ತಾ ಹೇಳಿದರು: "ಓ, ಇದಾ ಸರ್! ಈ ಮಾಡೆಲ್‌ಗೆ ಇದು ಕಾಮನ್."