ಎಂಗಾನೊ ಯಾವ ಕುಟುಂಬದ ಭಾಷೆ?

ಸುಮಾತ್ರಾದ ನೈಋತ್ಯಕ್ಕೆ, ಹಿಂದೂ ಮಹಾಸಾಗರದಲ್ಲಿ ಎಂಗಾನೊ ಅಂತ ಒಂದು ದ್ವೀಪ ಇದೆ. ಇಂಡೋನೇಷ್ಯಾದ ಬೆಂಗ್ಕುಲು ಪ್ರಾಂತ್ಯಕ್ಕೆ ಸೇರಿದ್ದು. ಅಲ್ಲಿನ ಭಾಷೆ ಆಡುವವರು ಸುಮಾರು 1,500 ಜನ ಮಾತ್ರ. "ಇಷ್ಟು ಸಣ್ಣ ಭಾಷೆ ಯಾವ ಕುಟುಂಬದ್ದಾದರೆ ಏನಂತೆ" ಅನ್ನುವವರ ಜೊತೆ ನನಗೆ ಜಗಳ ಇದೆ.

ಸುತ್ತಲಿನ ನಿಯಾಸ್, ಮೆಂತಾವಾಯ್, ಮಲಯ್ ಎಲ್ಲವೂ ಆಸ್ಟ್ರೋನೇಷ್ಯನ್ ಕುಟುಂಬದವು, ಅಂದರೆ ಆಗ್ನೇಯ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ತುಂಬಾ ಹರಡಿರುವ ದೊಡ್ಡ ಭಾಷಾ ಕುಟುಂಬದವು. ಎಂಗಾನೊ ಮಾತ್ರ ಕೇಳೋಕೆ ಬೇರೆಯೇ ಥರ. ದಿನಬಳಕೆಯ ಎಷ್ಟೋ ಮಾತುಗಳು ಯಾವ ನೆಂಟ ಭಾಷೆಯಲ್ಲೂ ಸಿಗುವುದಿಲ್ಲ. ಹಾಗಾಗಿ 1982ರಲ್ಲಿ ಆರ್ಥರ್ ಕ್ಯಾಪೆಲ್ ಎಂಬ ವಿದ್ವಾಂಸರು, ಇದರ ಮೂಲ ಆಸ್ಟ್ರೋನೇಷ್ಯನ್ ಅಲ್ಲ, ಅದರಲ್ಲಿರುವ ಆಸ್ಟ್ರೋನೇಷ್ಯನ್ ಮಾತುಗಳೇ ಹೊರಗಿನಿಂದ ಎರವಲು ಬಂದವು ಅನ್ನುವ ವಾದ ಮುಂದಿಟ್ಟರು.

ಆದರೆ ಹತ್ತಿರ ಹೋಗಿ ನೋಡಿ. ಮಲಯ್‌ನಲ್ಲಿ ಕಣ್ಣಿಗೆ 'ಮಾತಾ'. ಎಂಗಾನೊದಲ್ಲಿ 'ಬಾಕಾ'. ಸಂಬಂಧವೇ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಇಲ್ಲಿ ಹಳೆಯ 'ತ' ಹೋಗಿ 'ಕ' ಆಗುವುದು ಒಂದು ಮಾತಿನಲ್ಲಲ್ಲ, ಮತ್ತೆ ಮತ್ತೆ. 'ಮ' ಹೋಗಿ 'ಬ' ಆಗುವುದಕ್ಕೂ ಕಾರಣ ಇದೆ. ಈ ಭಾಷೆಯಲ್ಲಿ ಮೂಗಿನಿಂದ ನುಡಿಯುವ ಪದ ಬೇರೆ, ಬಾಯಿಂದ ನುಡಿಯುವ ಪದ ಬೇರೆ. ಎರಡೂ ಬಗೆಯ ಸದ್ದು ಒಂದೇ ಪದದಲ್ಲಿ ಬೆರೆಯುವುದು ಕಡಿಮೆ. 'ಬಾಕಾ' ಬಾಯಿಂದ ನುಡಿಯುವ ಪದ, ಹಾಗಾಗಿ ಮೂಗಿನ 'ಮ' ಅಲ್ಲಿ 'ಬ' ಆಯಿತು. ನಮ್ಮ 'ಪಾಲು' 'ಹಾಲು' ಆಗಿದ್ದು, 'ಪುಲಿ' 'ಹುಲಿ' ಆಗಿದ್ದು ಹೀಗೆ ಕ್ರಮವಾಗಿ ಸದ್ದು ಬದಲಾಗುವ ಲೆಕ್ಕದಲ್ಲೇ. ಎರವಲು ತಂದ ಪದಗಳಲ್ಲಿ ಇಷ್ಟು ಆಳದ ಕ್ರಮ ಸಿಗುವುದು ಅಪರೂಪ.

2015ರಲ್ಲಿ ಓವೆನ್ ಎಡ್ವರ್ಡ್ಸ್ ಎಂಬ ಭಾಷಾವಿದ್ವಾಂಸರು ಈ ಬದಲಾವಣೆಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಸರ್ವನಾಮ, ಸಂಖ್ಯೆಗಳು ಕುಟುಂಬದವೇ. ಕ್ರಿಯಾಪದದ ಮುಂದೆ ಬರುವ 'ಬು' ಕೂಡ ಆಸ್ಟ್ರೋನೇಷ್ಯನ್ ಭಾಷೆಗಳ ತುಂಬಾ ಹಳೆಯ 'ಉಮ್' ಪ್ರತ್ಯಯದ್ದೇ ರೂಪ. ವ್ಯಾಕರಣದ ಒಳಗಿನ ಇಂಥದ್ದನ್ನು ಯಾರೂ ಸುಮ್ನೆ ಸಾಲ ತರುವುದಿಲ್ಲ. ನನ್ನ ಮಟ್ಟಿಗೆ ವಾದ ಅಲ್ಲಿಗೆ ಮುಗಿಯಿತು. ಕುಟುಂಬದೊಳಗೆ ಯಾರಿಗೆ ಹತ್ತಿರ, ನಿಯಾಸ್ ಕಡೆಗಾ ಅಥವಾ ತನ್ನದೇ ಬೇರೆ ಕವಲಾ, ಅನ್ನುವುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ವಿಚಿತ್ರವಾಗಿ ಕಂಡ ಸಣ್ಣ ಭಾಷೆಯನ್ನು "ಇದು ನಮ್ಮದಲ್ಲ" ಅಂತ ಬದಿಗಿಡುವುದು ಬಹಳ ಸುಲಭ. ಎಂಗಾನೊ ಜನ ಏನೆಲ್ಲ ಅನುಭವಿಸಿದ್ದಾರೆ ನೋಡಿ. 19ನೇ ಶತಮಾನದಲ್ಲಿ ಸಾವಿರಾರು ಇದ್ದವರು 20ನೇ ಶತಮಾನದ ಆರಂಭಕ್ಕೆ ಕೆಲವು ನೂರಕ್ಕೆ ಇಳಿದರು. ಹಾಗೆ ಬದುಕಿ ಉಳಿದ ಭಾಷೆ ನೆರೆಯವರ ಹಾಗೆ ಕೇಳಿಸುತ್ತಿಲ್ಲ ಅಂದರೆ ಅದು ಆಶ್ಚರ್ಯವೇನೂ ಅಲ್ಲ.

ಈ ಸಂಬಂಧ ಪತ್ತೆಯಾಗಿದ್ದು ದಾಖಲೆ ಇದ್ದದ್ದರಿಂದ. ಹಾನ್ಸ್ ಕೇಲರ್ ಎಂಬ ಜರ್ಮನ್ ವಿದ್ವಾಂಸ 1930ರ ದಶಕದಲ್ಲಿ ಅಲ್ಲಿಗೆ ಹೋಗಿ ಕಥೆಗಳು, ಮಾತುಗಳು, ವ್ಯಾಕರಣ ಎಲ್ಲ ಬರೆದುಕೊಂಡರು. ಈಗಿನ ಮಾತಿನಲ್ಲಿ ಪದದ ಕೊನೆಯ ಸ್ವರಗಳೇ ಬಿದ್ದುಹೋಗಿವೆ. 'ಬಾಕಾ' ಬರೀ 'ಬಾಕ್' ಆಗಿದೆ. ಆ ಹಳೆಯ ಟಿಪ್ಪಣಿಗಳು ಇಲ್ಲದಿದ್ದರೆ ಹೋಲಿಸುವುದಕ್ಕೆ ಅರ್ಧ ಪದವೂ ಸಿಗುತ್ತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ದ್ವೀಪದ ಜನರ ಜೊತೆ ಸೇರಿ ಮತ್ತೆ ದಾಖಲೆ ಮಾಡಿದ್ದಾರೆ. ಇದಕ್ಕೆ ಇನ್ನೂ ಜಾಸ್ತಿ ಹಣ, ಇನ್ನೂ ಜಾಸ್ತಿ ಜನ ಬೇಕು. ಅದೂ ಬೇಗ ಬೇಕು, ಯಾಕೆಂದರೆ ಅಲ್ಲಿನ ಶಾಲೆಯಲ್ಲಿ ಮಕ್ಕಳು ಕಲಿಯುವುದು ಇಂಡೋನೇಷ್ಯನ್‌ನಲ್ಲಿ.