ಮೂರು ಚೌಕದ ಸಂಸಾರ

ಮುಂಬಯಿ ಬೋರಿವಲಿಯ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಗಣಪತಿಯ ಅಯಸ್ಕಾಂತದ ಕೆಳಗೆ, ಪತ್ರಿಕೆಯಿಂದ ಕತ್ತರಿಸಿದ ಒಂದು ಚೂರು ಸಿಕ್ಕಿಕೊಂಡಿದೆ. ಅಮೆರಿಕದ ಬ್ಲಾಂಡಿ ಎಂಬ ಚಿತ್ರಪಟ್ಟಿ, ಅಂದರೆ ಕಾಮಿಕ್ ಸ್ಟ್ರಿಪ್. ಮೂರೇ ಚೌಕ. ಮೊದಲನೆಯದರಲ್ಲಿ ಗಂಡ ಡ್ಯಾಗ್‌ವುಡ್ ಸೋಫಾದ ಮೇಲೆ ಮಲಗಿದ್ದಾನೆ. ಎರಡನೆಯದರಲ್ಲಿ ಹೆಂಡತಿ ಬ್ಲಾಂಡಿ ಏನೋ ಕೆಲಸ ಹೇಳುತ್ತಾಳೆ. ಮೂರನೆಯದರಲ್ಲಿ ಅವನು ಮಗ್ಗುಲು ಬದಲಿಸಿ ಮಲಗಿದ್ದಾನೆ. ಕೆಳಗೆ ನನ್ನ ಹೆಂಡತಿ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿದ್ದಾಳೆ, ಯಾರಿಗೂ ಅನುಮಾನ ಉಳಿಯದಿರಲಿ ಎಂದು ಇನಿಷಿಯಲ್ ಸಮೇತ.

ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೇ ಹಿಗ್ಗಿದೆ ಎಂದರೂ ತಪ್ಪಿಲ್ಲ. ಡ್ಯಾಗ್‌ವುಡ್ ಸಾಮಾನ್ಯನೇನಲ್ಲ. ಚಿಕ್ ಯಂಗ್ ಎಂಬ ಚಿತ್ರಕಾರ 1930ರಲ್ಲಿ ಈ ಚಿತ್ರಪಟ್ಟಿ ಶುರುಮಾಡಿದಾಗ ಅವನು ರೈಲ್ವೆ ಸಾಹುಕಾರನ ಮಗ. ಬ್ಲಾಂಡಿಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದು ಉಪವಾಸ ಕುಳಿತ. 1933ರಲ್ಲಿ ಮದುವೆಯೇನೋ ಆಯಿತು, ಅಪ್ಪನ ಆಸ್ತಿ ಕೈಬಿಟ್ಟಿತು. ಆ ಉಪವಾಸಕ್ಕೆ ಅವನು ಇಂದಿಗೂ ಬಡ್ಡಿ ಸಮೇತ ತಿನ್ನುತ್ತಿದ್ದಾನೆ. ರಾತ್ರಿ ಎದ್ದು ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಬ್ರೆಡ್ಡಿನ ನಡುವೆ ಗೋಪುರದ ಹಾಗೆ ಪೇರಿಸುತ್ತಾನೆ. ಆ ಸ್ಯಾಂಡ್‌ವಿಚ್ಚಿಗೆ ಇಂಗ್ಲಿಷ್ ನಿಘಂಟುಗಳಲ್ಲಿ ಅವನ ಹೆಸರೇ ಇದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ನನ್ನ ಹೆಸರು ನಿವೃತ್ತಿಯ ದಿನ ಕೊಟ್ಟ ಗಡಿಯಾರದ ಹಿಂಭಾಗದಲ್ಲಿ ಮಾತ್ರ ಇದೆ. ಅದರಲ್ಲೂ ಒಂದು ಅಕ್ಷರ ತಪ್ಪು.

ಕೆಲಸದ ದಿನಗಳಲ್ಲಿ ಬೋರಿವಲಿ ಫಾಸ್ಟ್ ಲೋಕಲ್ ರೈಲುಗಾಡಿಯಲ್ಲಿ ನಮ್ಮದೊಂದು ಗುಂಪಿತ್ತು. ಒಬ್ಬ ಹೋಟೆಲಿನ ಲೆಕ್ಕ ಬರೆಯುವ ಶೆಟ್ಟರು, ಇಬ್ಬರು ಮರಾಠಿ ಗುಮಾಸ್ತರು, ಒಬ್ಬ ಗುಜರಾತಿ, ನಾನು. ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದೆವು. ಶೇರು ಪೇಟೆಯ ಪುಟ ಒಬ್ಬರಿಗೆ, ಕ್ರಿಕೆಟ್ ಇನ್ನೊಬ್ಬರಿಗೆ. ಚಿತ್ರಪಟ್ಟಿ ಮಾತ್ರ ಪ್ರಸಾದದ ಹಾಗೆ ಎಲ್ಲರ ಕೈಗೂ ಬರಬೇಕು. ಓದಿದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ‘ಇದು ನಮ್ಮ ಮನೆಯದೇ ಕಥೆ!’ ಕಚೇರಿಯಲ್ಲಿ ಮೇಲಧಿಕಾರಿಯ ಬೈಗಳು, ಮನೆಯಲ್ಲಿ ಹೆಂಡತಿಯ ಅಪ್ಪಣೆ, ನಡುವೆ ನಲುಗುವ ಬಡ ಗಂಡು. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಇದೇ ಮುಂಬಯಿಯಲ್ಲಿ ಕುಳಿತು ಬರೆದ ಶ್ರೀಸಾಮಾನ್ಯ ಬಾಯಿಯನ್ನೇ ಬಿಡುವುದಿಲ್ಲವಲ್ಲ, ಮಾತೆಲ್ಲ ಅವನ ಹೆಂಡತಿಯದೇ ಎಂದು ಶೆಟ್ಟರು ಸಾಕ್ಷಿ ಒದಗಿಸುತ್ತಿದ್ದರು. ಹೀಗೆ ನಮ್ಮ ಕಷ್ಟಕ್ಕೆ ನಾವೇ ಮರುಗಿ, ಬ್ರೀಫ್‌ಕೇಸನ್ನು ಮೊಣಕಾಲುಗಳ ಮೇಲೆ ಅಡ್ಡ ಇಟ್ಟುಕೊಂಡು ರಮ್ಮಿ ಆಡುತ್ತ ಮನೆಗೆ ಬರುತ್ತಿದ್ದೆವು.

ನನ್ನ ಹೆಂಡತಿಯದೂ ಚರ್ಚ್‌ಗೇಟ್ ಬಳಿಯೇ ಕೆಲಸ. 1992ರ ಮೇ ತಿಂಗಳಲ್ಲಿ ಚರ್ಚ್‌ಗೇಟ್–ಬೋರಿವಲಿ ನಡುವೆ ಇಡೀ ಗಾಡಿಯೇ ಹೆಂಗಸರಿಗೆಂದು ಲೇಡೀಸ್ ಸ್ಪೆಷಲ್ ಬಂತು. ಅವಳು ಅದನ್ನು ಹಿಡಿಯತೊಡಗಿದಳು. ಸಂಜೆ ಅವಳ ಚೀಲದಿಂದ ಮೆಂತ್ಯ ಸೊಪ್ಪು ಹೊರಗೆ ಬರುತ್ತಿತ್ತು. ಬೇರು ಇಲ್ಲ, ಮಣ್ಣು ಇಲ್ಲ, ಒಂದು ಕಡ್ಡಿ ಇಲ್ಲ, ಬರೀ ಎಲೆ. ಚಳಿಗಾಲದಲ್ಲಿ ಬಟಾಣಿ ಬರುತ್ತಿತ್ತು, ಸಿಪ್ಪೆ ಕಳಚಿಕೊಂಡೇ. ಬೋರಿವಲಿ ಸ್ಟೇಷನ್ನಿನ ಹೊರಗಿನ ಭಾಜಿವಾಲ ಎಷ್ಟು ಒಳ್ಳೆಯವನು, ಸೊಪ್ಪು ಬಿಡಿಸಿಯೇ ಕೊಡುತ್ತಾನಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂದು ಭಾನುವಾರ ನಾನೇ ಹೋಗಿ ಕಟ್ಟು ತಂದು ಮೇಜಿನ ಮೇಲಿಟ್ಟಾಗ, ಬೇರಿಗಂಟಿದ ಕೆಸರು ನೋಡಿ ಅವನು ನನಗೆ ಮೋಸ ಮಾಡಿದನೆಂದು ಕೂಗಾಡಿದೆ. ಅವಳು ಮೊದಲು ನಕ್ಕಳು. ಆಮೇಲೆ ಹೇಳಿದಳು: ಸಂಜೆಯ ಗಾಡಿಯಲ್ಲಿ ಸೀಟು ಸಿಕ್ಕವರು ತೊಡೆಯ ಮೇಲೆ ಹಳೆಯ ಪೇಪರು ಹಾಸಿಕೊಂಡು ಸೊಪ್ಪು ಬಿಡಿಸುತ್ತಾರೆ, ಬಟಾಣಿ ಸುಲಿಯುತ್ತಾರೆ. ಅಂಧೇರಿಯಲ್ಲಿ ಶುರುಮಾಡಿದರೆ ಬೋರಿವಲಿ ಬರುವಷ್ಟರಲ್ಲಿ ಒಂದು ಪಲ್ಯದ ಕೆಲಸ ಮುಗಿದಿರುತ್ತದೆ.

ಅದೇ ಹಳಿ, ಅದೇ ಸಂಜೆ. ನಾನು ಎಲೆ ಎಸೆಯುತ್ತಿದ್ದೆ, ಅವಳು ಎಲೆ ಕೀಳುತ್ತಿದ್ದಳು. ಹಾಸಿಕೊಂಡಿದ್ದ ಆ ಹಳೆಯ ಪೇಪರಿನಲ್ಲಿ ಬ್ಲಾಂಡಿಯೂ ಇದ್ದಿರಬೇಕು.

ಬ್ಲಾಂಡಿ 1991ರಲ್ಲಿ ಪಕ್ಕದ ಮನೆಯ ಟೂಟ್ಸಿಯೊಡನೆ ಸೇರಿ ಕೇಟರಿಂಗ್ ಶುರುಮಾಡಿದಾಗ ನಮ್ಮ ಗುಂಪಿಗೆ ಅದು ರುಚಿಸಿರಲಿಲ್ಲ. ಹೆಂಡಂದಿರ ಸಂಬಳವನ್ನು ಮನೆಯ ಕಂತಿಗೆ ಕಟ್ಟುತ್ತಿದ್ದ ನಮಗೇ, ಬ್ಲಾಂಡಿ ಮನೆಯಲ್ಲೇ ಇರಬೇಕಿತ್ತು ಎನ್ನಿಸಿದ್ದು ಈಗ ನೆನೆದರೆ ಸೋಜಿಗ. ಅರವತ್ತು ವರ್ಷ ಅಡುಗೆ ಮಾಡಿದವಳು ಉದ್ಯೋಗವೆಂದು ಹೊರಟದ್ದೂ ಅಡುಗೆಗೇ ಅಲ್ಲವೇ ಎಂದು ಮನೆಗೆ ಬಂದು ಹಾಸ್ಯ ಮಾಡಿದೆ. ‘ದುಡ್ಡು ತೆಗೆದುಕೊಂಡು ಮಾಡಿದಳಲ್ಲ, ಅಷ್ಟು ಸಾಕು’ ಎಂದಳು ನನ್ನಾಕೆ, ಸಾರಿಗೆ ಒಗ್ಗರಣೆ ಹಾಕುತ್ತ. ಚಟಪಟ ಸದ್ದಿನಲ್ಲಿ ನನಗೆ ಅದು ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಇದ್ದುಬಿಟ್ಟೆ.

ಕಳೆದ ಗಣೇಶ ಚತುರ್ಥಿಗೆ ನಮ್ಮ ಬಾಯಿ ಹದಿನೈದು ದಿನ ಕೊಂಕಣಕ್ಕೆ ಹೋದಳು. (ಮುಂಬಯಿಯಲ್ಲಿ ಮನೆಗೆಲಸದವಳನ್ನು ಬಾಯಿ ಎನ್ನುತ್ತೇವೆ. ಕುಂದಾಪುರದಿಂದ ಹೊಸದಾಗಿ ಬಂದಿದ್ದ ನನ್ನ ಅಮ್ಮ ‘ಇವತ್ತು ಬಾಯಿ ಬರಲಿಲ್ಲ’ ಎಂಬ ಸೊಸೆಯ ಮಾತು ಕೇಳಿ, ಗಂಟಲು ಕಟ್ಟಿದೆಯೆಂದು ಕಷಾಯ ಕಾಸಲು ಹೊರಟಿದ್ದರು.) ಆ ದಿನಗಳಲ್ಲೇ ಒಂದು ರಾತ್ರಿ ಹನ್ನೊಂದೂವರೆಗೆ ಹಸಿವಾಗಿ ಎದ್ದೆ. ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಬೀಟ್‌ರೂಟ್, ಟೊಮ್ಯಾಟೊ, ಹಸಿರು ಚಟ್ನಿ, ಬೆಣ್ಣೆ. ಚರ್ಚ್‌ಗೇಟಿನ ಫುಟ್‌ಪಾತಿನವನೂ ತಲೆದೂಗುವಂಥ ಸ್ಯಾಂಡ್‌ವಿಚ್ ಆಯಿತು. ನಿಂತೇ ತಿಂದೆ.

ಆಮೇಲೆ ಕಟ್ಟೆ ನೋಡಿದೆ. ಹಲಗೆಯ ಮೇಲೆ ಬೀಟ್‌ರೂಟಿನ ಕೆಂಪು, ಗೋಡೆಯ ಹಂಚಿಗೆ ಚಟ್ನಿಯ ಹಸಿರು, ಎರಡು ಚಾಕು, ಬೆಣ್ಣೆ ಮೆತ್ತಿದ ಚಮಚ, ಮುಚ್ಚಳವಿಲ್ಲದ ಮೂರು ಡಬ್ಬಿ. ಡ್ಯಾಗ್‌ವುಡ್‌ನ ಚಿತ್ರ ಅವನು ಬಾಯಿ ತೆರೆಯುವಲ್ಲಿಗೆ ಮುಗಿಯುತ್ತದೆ. ಆ ತಟ್ಟೆ ಎತ್ತಿದವರಾರು, ತುಂಡುಗಳನ್ನು ಗುಡಿಸಿದವರಾರು ಎಂದು ಹುಡುಕಲು ಅಲ್ಲಿ ನಾಲ್ಕನೆಯ ಚೌಕವೇ ಇಲ್ಲ. ನಮ್ಮ ಮನೆಯಲ್ಲಿ ಆ ಚೌಕ ಬೆಳಗ್ಗೆ ಐದೂವರೆಗೆ, ನಾನು ಏಳುವ ಮೊದಲು, ನಡೆದುಹೋಗುತ್ತಿತ್ತು.

ಇವತ್ತು ನಾನೇ ತೊಳೆಯುತ್ತೇನೆಂದು ತೋಳು ಮಡಚಿದೆ. ಸಿಂಕಿನಲ್ಲಿದ್ದ ಸ್ಕ್ರಬ್ಬರ್ ಸವೆದು ಚಿಂದಿಯಾಗಿತ್ತು. ಹೊಸದು ಬೇಕು. ಸಿಂಕಿನ ಕೆಳಗೆ ನೋಡಿದೆ, ಮೇಲಿನ ಕಪಾಟು ತೆಗೆದೆ, ರವೆಯ ಡಬ್ಬಿಯ ಹಿಂದೆ ಕೈಹಾಕಿದೆ. ಎಲ್ಲಿಯೂ ಇಲ್ಲ. ಇಪ್ಪತ್ತೆಂಟು ವರ್ಷದಿಂದ ಇದೇ ಮನೆಯಲ್ಲಿದ್ದೇನೆ. ಕಾಲು ಗಂಟೆ ಹುಡುಕಿ ಸೋತು, ಒಳಗೆ ಹೋಗಿ ಅವಳನ್ನು ಎಬ್ಬಿಸಿದೆ.

‘ನೀವು ಪೇಪರ್ ಓದುವ ಕುರ್ಚಿಯ ಹಿಂದೆಯೇ ಇದೆಯಲ್ಲ ಕಪಾಟು, ಎರಡನೆಯ ಖಾನೆ’ ಎಂದು ಹೇಳಿ ಅವಳು ಮಗ್ಗುಲು ಬದಲಿಸಿದಳು.